ಓ ಅನ್ನುವವರಿಲ್ಲದ ಮನೆ

ಶಹಾಬಾದಿನ ನಮ್ಮ ಓಣಿಯಲ್ಲಿ ಕರೆಂಟಿನ ಮೀಟರ್ ನೋಡಲು ಬರುತ್ತಿದ್ದ ಕಾಕಾ, ಭಾನುವಾರ ನಮ್ಮ ಮನೆಗೆ ವಿಡಿಯೋ ಗೇಮ್ ಆಡಲು ಬರುತ್ತಿದ್ದರು. ಬಾಗಿಲು ತೆರೆದೇ ಇದ್ದರೂ ಫರ್ಸಿ ಕಲ್ಲಿನ ಮೆಟ್ಟಿಲ ಮೇಲೆ ನಿಂತು, "ಒಳಗ ಯಾರ್ ಅದೀರ್ರಿ?" ಎಂದು ಕೂಗುವರು. ನಾನು ಓ ಎಂದ ಮೇಲೆಯೇ ಚಪ್ಪಲಿ ಬಿಡುವರು.

ನನ್ನ ತಲೆ ಕೆಟ್ಟದ್ದು ಆಟದಲ್ಲೂ ಅವರು ಹಾಗೆಯೇ ಮಾಡಿದ್ದಕ್ಕೆ. ಕುದುರೆ ಏರಿ ಎಲ್ಲಿ ಬೇಕಾದರೂ ನುಗ್ಗಬಹುದಾದ, ಏನು ಬೇಕಾದರೂ ಮಾಡಬಹುದಾದ ಆಟ ಅದು. ಇವರೋ, ಪ್ರತಿ ಬಾಗಿಲಿಗೂ ಕುದುರೆ ನಿಲ್ಲಿಸಿ ಟಿವಿಯ ಕಡೆಗೆ ಕೂಗುವರು! ಒಳಗಿನಿಂದ ಯಾರೂ ಬರದಿದ್ದರೆ ಮುಂದಿನ ಮನೆ.

ಒಮ್ಮೆ ಆಟದೊಳಗಿನ ಹಳ್ಳಿಯಲ್ಲಿ ಕೂಸೊಂದಕ್ಕೆ ಹಾವು ಕಚ್ಚಿತು. ಔಷಧಿ ಇದ್ದದ್ದು ಯಾರೂ ಇಲ್ಲದ ಗುಡಿಸಲಿನಲ್ಲಿ.

"ಒಳಗ ಹೋಗ್ರಿ ಕಾಕಾ, ಕೂಸು ಸಾಯ್ಲಿಕತ್ತದ!" ಎಂದು ಚೀರಿದೆ.

"ಓ ಅನ್ನೋರಿಲ್ದ ಮನಿಯೊಳಗ ಹ್ಯಾಂಗ ಹೋಗ್ಲೋ ತಮ್ಮಾ?" ಎಂದವರೇ ನೀರು ಕುಡಿಯಲು ಎದ್ದು ಹೋದರು.

ನಾನೇ ನುಗ್ಗಿ ಔಷಧಿ ತಂದು ಕುಡಿಸಿದೆ. ಮರಳಿ ಬಂದ ಕಾಕಾ, ಎದ್ದು ಕುಳಿತಿದ್ದ ಕೂಸನ್ನು ನೋಡಿ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಒಳಗಿಂದ ಯಾರು ಓ ಅಂದ್ರೋ?"

ನಾನು ಕಂಟ್ರೋಲರನ್ನು ಅವರ ಕೈಗೆ ಕೊಟ್ಟೆ. ಅವರು ಎರಡು ತಿಂಗಳ ಆಟವನ್ನೇ ಅಳಿಸಿ ಮೊದಲಿನಿಂದ ಶುರು ಮಾಡಿದರು.

ಅಂದರೆ, ಆ ಕೂಸಿಗೆ ಇನ್ನೊಮ್ಮೆ ಹಾವು ಕಚ್ಚಬೇಕು.