ಪ್ಲೂಟೋದ ಎರಡನೆಯ ಗೂಟ

ಮೊನ್ನೆ, ನಾನು ಕಲಿಸುವ ಶಾಲೆಯ ಮೈದಾನದಲ್ಲಿ, ವಿಜ್ಞಾನ ದಿನಕ್ಕೆಂದು ಸುಣ್ಣದ ಪುಡಿಯ ಚೀಲ ಬಿಚ್ಚಿದೆ. ಬಸವನ ಬಾಗೇವಾಡಿ ಕಡೆಯ ಒಣ ಗಾಳಿಗೆ ಪುಡಿ ಎದ್ದು ಮೂಗಿಗೆ ಅಡರಿತು. ಆ ಘಾಟಿಗೆ ಸೀನು ಬರಬೇಕಿತ್ತು, ನೆನಪು ಬಂತು. ಏಳನೆಯ ತರಗತಿಯಲ್ಲಿ ನಮಗೆ ವಿಜ್ಞಾನ ಕಲಿಸಿದ ಅಕ್ಕೋರು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಸುಣ್ಣ ಮೆತ್ತಿಕೊಂಡು, ಕಲ್ಲಿನಿಂದ ಗೂಟ ಬಡಿಯುತ್ತಿದ್ದರು.

ನಮ್ಮದು ನಾಲತವಾಡದ ಹತ್ತಿರದ ಹಳ್ಳಿ. ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ನಾಲತವಾಡದ ಬಸ್ಸು ಹತ್ತಬೇಕು; ಬಸ್ಸಿಗೆ ಚಹಾದಂಗಡಿಯ ಮುಂದೆಯೇ ನಿಲ್ಲಬೇಕು. ಊರ ಗಂಡಸರ ದರಬಾರೆಲ್ಲ ಅಲ್ಲಿಯೇ. ನಮ್ಮ ಮನೆಯ ಹುಡುಗಿಯರು ಅಲ್ಲಿ ಒಬ್ಬರೇ ಕಾಲಿಡುತ್ತಿರಲಿಲ್ಲ. ಇವಳಿಗೆ ಏಳು ಸಾಕು ಎಂದು ದೊಡ್ಡಪ್ಪ ತೀರ್ಪು ಕೊಟ್ಟಾಗಿತ್ತು. ಅಪ್ಪ ಅವನಿಗೆ ಎದುರಾಡುವವನಲ್ಲ. ನಾನು ಒಳಗೊಳಗೇ ಕುದಿಯುತ್ತಿದ್ದೆ.

ವಿಜ್ಞಾನ ದಿನಕ್ಕೆ ಹುಡುಗಿಯರೆಲ್ಲ ಗ್ರಹಗಳಾಗಿ ಮೈದಾನದಲ್ಲಿ ಸುತ್ತಬೇಕೆಂದು ಅಕ್ಕೋರು ಗೊತ್ತುಮಾಡಿದರು. ಎಲ್ಲರಿಗಿಂತ ಗಿಡ್ಡಳಾದ ನನಗೆ ಪ್ಲೂಟೋ ಬಂತು. ನಮ್ಮ ಚಂದ್ರನಿಗಿಂತಲೂ ಅದು ಸಣ್ಣದಂತೆ. ಅಲ್ಲಿ ಎಂಥ ಚಳಿಯೆಂದರೆ ಸೂರ್ಯನಿಂದ ದೂರ ಸರಿದಾಗ ಅದರ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆಯಂತೆ. ಪ್ಲೂಟೋ ಇನ್ನು ಗ್ರಹವಲ್ಲ, ಕುಬ್ಜ ಗ್ರಹ ಎಂದು ಪೇಪರಿನಲ್ಲಿ ಬಂದು ಬಹಳ ದಿನವಾಗಿರಲಿಲ್ಲ. ಹೆಡ್ಮಾಸ್ತರರು ಅದನ್ನೇ ಹಿಡಿದುಕೊಂಡು, ಇದೊಂದನ್ನು ಬಿಟ್ಟುಬಿಡಿ ಎಂದರು.

“ಹೆಸರ ಕಸಗೊಂಡಾರ್ರಿ ಸರ್, ದಾರಿ ಕಸಗೊಂಡಿಲ್ಲ,” ಎಂದು ಅಕ್ಕೋರು ಹಗ್ಗ ಬಿಚ್ಚಿದರು.

ಬಾಕಿ ಗ್ರಹಗಳಿಗೆ ಒಂದೇ ಗೂಟ ಸಾಕಾಗಿತ್ತು. ಪ್ಲೂಟೋದ ದಾರಿ ಉದ್ದಕ್ಕೆ ಎಳೆದಂತಿದ್ದರಿಂದ ಅದಕ್ಕೆ ಎರಡು ಬಡಿದರು, ಒಂದು ಸೂರ್ಯನ ಜಾಗದಲ್ಲಿ, ಇನ್ನೊಂದು ಗೇಟಿನ ಹತ್ತಿರ. ಎರಡೂ ತುದಿ ಸೇರಿಸಿ ಗಂಟು ಹಾಕಿದ ಉದ್ದನೆಯ ಹಗ್ಗವನ್ನು ಎರಡೂ ಗೂಟಗಳ ಹೊರಗಿನಿಂದ ಬಳಸಿ, ಬಿಗಿಯಾಗಿ ಎಳೆದು ಹಿಡಿದು, ಸುಣ್ಣ ಚೆಲ್ಲುತ್ತ ಸುತ್ತು ಬಂದರು. ಗೆರೆ ಒಂದು ಕಡೆ ನೆಪ್ಚೂನಿನ ದಾರಿಯನ್ನು ದಾಟಿ ಒಳಗೆ ನುಗ್ಗಿತು. ಇನ್ನೊಂದು ಕಡೆ ಮೊಣಕಾಲೆತ್ತರದ ಕಂಪೌಂಡು ದಾಟಿ, ರಸ್ತೆ ಹಿಡಿದು, ನೇರ ಚಹಾದಂಗಡಿಯ ಮುಂದೆ ಹೋಯಿತು.

ಮೈದಾನದಲ್ಲಿ ಹಿಡಿಸುವಂತೆ ದುಂಡಗೆ ಮಾಡಿ ಎಂದು ಹೆಡ್ಮಾಸ್ತರರು ಗೋಗರೆದರು. ಅದರ ದಾರಿ ಹಾಗಿಲ್ಲ, ನಾನು ಸುಳ್ಳು ಬರೆಯುವುದಿಲ್ಲ ಎಂದರು ಅಕ್ಕೋರು. ಎರಡನೆಯ ಗೂಟದಲ್ಲಿ ಏನಿದೆ ಎಂದು ನಾನು ಕೇಳಿದೆ.

“ಏನೂ ಇಲ್ಲ, ಖಾಲಿ. ಆದ್ರ ಅದು ಇಲ್ಲಂದ್ರ ಈ ದಾರಿ ಆಗೂದಿಲ್ಲ.”

ಇನ್ನೊಂದು ಮಾತನ್ನು ಒತ್ತಿ ಹೇಳಿದ್ದರು. ಸೂರ್ಯನ ಹತ್ತಿರ ಬೇಗ ನಡೆಯಬೇಕು, ದೂರ ಹೋದಷ್ಟೂ ನಿಧಾನ. ಅಂದರೆ ಚಹಾದಂಗಡಿಯ ಮುಂದೆ ಎಲ್ಲಕ್ಕಿಂತ ನಿಧಾನ! ವಿಜ್ಞಾನ ದಿನ ಗೆರೆ ಹಿಡಿದು ಅಂಗಡಿ ತಲುಪಿದಾಗ ಓಡಿಬಿಡಬೇಕೆಂದು ಕಾಲು ಚಡಪಡಿಸುತ್ತಿತ್ತು. ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ. ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರ ಹಾಗೇ ನಿಂತಿತು. ನಾನು ಒಂದೊಂದೇ ಹೆಜ್ಜೆ ಇಟ್ಟೆ. ಎಲ್ಲರೂ ನೋಡಿದರು. ನೋಡಲಿ ಎಂದುಕೊಂಡೆ. ಆಮೇಲೆ ಗೆರೆ ಬಾಗಿತು, ಕಾಲಿಗೆಲ್ಲ ಸುಣ್ಣ ಮೆತ್ತಿಕೊಂಡು ಕಂಪೌಂಡು ಗೋಡೆಯ ಒಡಕಿನಿಂದ ಒಳಗೆ ಬಂದೆ. ಅಷ್ಟು ಖುಷಿ ನನಗೆ ಅದುವರೆಗೆ ಆಗಿರಲಿಲ್ಲ.

ದೊಡ್ಡಪ್ಪ ಬೆನ್ನಿಗೇ ಬಂದ. “ನಮ್ಮ ಮನಿ ಹುಡುಗೀನ ಚಾದಂಗಡಿ ಮುಂದ ಮೆರವಣಿಗಿ ಮಾಡಸ್ತೀರೇನ್ರಿ?”

ಅಕ್ಕೋರು ಕೈ ಝಾಡಿಸಿಕೊಂಡರು. “ಹೋದ್ಲು, ಎಲ್ಲಾರ ಮುಂದ ನಡದ್ಲು, ತಿರಗಿ ಬಂದ್ಲು. ಏನಾತ್ರಿ ಯಜಮಾನ್ರ? ನಾಳಿ ನಾಲತವಾಡಕ್ಕೂ ಹಿಂಗ ಹೋಗಿ ಬರ್ತಾಳ.”

ದೊಡ್ಡಪ್ಪ ಒಪ್ಪಲಿಲ್ಲ. ಒಂದು ಮಾತಿಗೆ ಕರಗುವ ಆಸಾಮಿಯೇ ಅಲ್ಲ ಅವನು. ಆದರೆ ಜೂನಿನಲ್ಲಿ ಅಪ್ಪ ಸದ್ದಿಲ್ಲದೆ ಒಂದು ಪಾಟಿಚೀಲ ತಂದು ಗೋಡೆಯ ಗೂಟಕ್ಕೆ ನೇತುಹಾಕಿದ. ಹೈಸ್ಕೂಲು ಸುರುವಾದ ದಿನ ನಾನದನ್ನು ಹೆಗಲಿಗೇರಿಸಿ ಅದೇ ಅಂಗಡಿಯ ಮುಂದೆ ನಿಂತೆ. ದೊಡ್ಡಪ್ಪ ದುರುಗುಟ್ಟಿ ನೋಡಿದ. ನಾನೂ ನೋಡಿದೆ. ಬಸ್ಸು ಬಂತು, ಹತ್ತಿದೆ. ಸಂಜೆ ತಿರುಗಿ ಬಂದೆ.

ಅಕ್ಕೋರಿಗೆ ಇಂಡಿ ಕಡೆ ವರ್ಗವಾಯಿತು. ಗಗನನೌಕೆಯೊಂದು ಹತ್ತಿರದಿಂದ ತೆಗೆದ ಪ್ಲೂಟೋದ ಫೋಟೋ ಪೇಪರಿನಲ್ಲಿ ಬಂದ ದಿನ ಫೋನು ಮಾಡಿದ್ದರು. ಮೈಮೇಲೆ ಅಗಲವಾದ ಬೆಳ್ಳನೆಯ ಮಚ್ಚೆ... “ನೋಡವಾ, ಸುಣ್ಣಾ ಮೆತ್ಕೊಂಡೈತಿ ನಿನ್ನಂಗ,” ಎಂದು ನಕ್ಕರು. ನೌಕರಿಯ ಆರ್ಡರು ಬಂದಾಗ ಹೋಗಿ ಕಾಲಿಗೆ ಬಿದ್ದು ಬಂದೆ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಅಳು ಬರಲಿಲ್ಲ, ಸಿಟ್ಟು ಬಂತು. ಅಂಥವರು ಇಷ್ಟು ಬೇಗ ಹೋಗುವುದೆಂದರೇನು?

ಮೊನ್ನೆ ನಮ್ಮ ಹೆಡ್ಮಾಸ್ತರರೂ ಪ್ಲೂಟೋದ ಗೆರೆಯನ್ನು ಗೇಟಿನ ಒಳಗೇ ಮುಗಿಸಿ ಎಂದರು. ನಾನು ಕೇಳಿಸದವಳಂತೆ ಗೇಟಿನ ಹತ್ತಿರ ಎರಡನೆಯ ಗೂಟ ಬಡಿದೆ. ಹಗ್ಗ ಹಿಡಿದಿದ್ದ ಹುಡುಗಿ, “ಇಲ್ಲಿ ಯಾರ ನಿಂದರಬೇಕ್ರಿ ಅಕ್ಕೋರ?” ಎಂದು ಕೇಳಿದಳು.

ಯಾರೂ ಇಲ್ಲ, ಖಾಲಿ ಎನ್ನಲು ಹೋದೆ. ಬದಲಿಗೆ ನಮ್ಮ ಅಕ್ಕೋರಂತೆ ಕಲ್ಲೆತ್ತಿ ಗೂಟಕ್ಕೆ ಇನ್ನೊಂದು ಏಟು ಹಾಕಿದೆ.

“ಹಗ್ಗ ಬಿಗಿ ಹಿಡಿ,” ಎಂದೆ. ಸುಣ್ಣ ಚೆಲ್ಲುತ್ತ ಗೇಟು ದಾಟಿ ರಸ್ತೆಗೆ ಇಳಿದೆ.