ಸಿದ್ಧಕಟ್ಟೆಯ ವಿದೇಶಿ ಮಿತ್ರ

ಕುವೈತಿನಲ್ಲಿ ರೊಟ್ಟಿ ಗೂಡಿನ ಮುಂದೆ ವರ್ಷಗಟ್ಟಲೆ ಬೆಂದ ಮೊಯಿದಿನಬ್ಬ ಯುದ್ಧದ ಗಲಾಟೆಯಲ್ಲಿ ಸಿದ್ಧಕಟ್ಟೆಗೆ ಓಡಿ ಬರುವಾಗ ತಂದದ್ದು ಮೈಮೇಲಿನ ಅರಬಿ ನಿಲುವಂಗಿ ಒಂದನ್ನೇ. ಪಾಸ್‌ಪೋರ್ಟ್ ಧಣಿಯ ಪೆಟ್ಟಿಗೆಯಲ್ಲಿ ಉಳಿದು, ಪೆಟ್ಟಿಗೆ ಬೆಂಕಿಯ ಪಾಲಾಯಿತು. ಯುದ್ಧ ಮುಗಿದ ಮೇಲೆ ಧಣಿ ಫೋನು ಮಾಡಿ ಕರೆದ. ಹೋಗಲು ಹೊಸ ಪಾಸ್‌ಪೋರ್ಟ್ ಬೇಕು; ಅದರ ಅರ್ಜಿ ದೆಹಲಿಯ ಯಾವುದೋ ಮೇಜಿನ ಮೇಲೆ ಕಾವು ಕೂತಿತ್ತು. ಅಷ್ಟರವರೆಗೆ ಇರಲಿ ಎಂದು ಅವನು ಒಣಮೀನಿನ ಅಂಗಡಿ ಇಟ್ಟ.

ಆಗ ದೆಹಲಿಯ ದೊಡ್ಡ ನಾಯಕರೊಬ್ಬರು ಮುನಿದ ಮಿತ್ರದೇಶಗಳನ್ನು ಒಲಿಸಲು ಹೊರಟಿದ್ದರು. ಪೇಪರಿನ ತುಂಬ ಅಪ್ಪುಗೆ. ತಬ್ಬಿ ತಬ್ಬಿ ಅವರ ತೋಳು ಮೊಣಕಾಲು ದಾಟಿತ್ತು. ಕೋಟು ಹೊಲಿಯುವವನಿಗೆ ಬಟ್ಟೆ ಸಾಲದೆ ಅಳು ಬರುತ್ತಿತ್ತು. ಮೊಯಿದಿನಬ್ಬ ಮೊದಮೊದಲು ಆ ಪಟಗಳನ್ನು ಗೋಡೆಗೆ ಅಂಟಿಸಿದ. ಮಳೆಗಾಲ ಎರಡು ಕಳೆದರೂ ಪಾಸ್‌ಪೋರ್ಟ್ ಬಾರದಾಗ ಅದೇ ಪೇಪರಿನಲ್ಲಿ ಬಂಗುಡೆ ಕಟ್ಟಿಕೊಡತೊಡಗಿದ. ನಾತ ಯಾವುದರದ್ದೆಂದು ಗಿರಾಕಿಗಳಿಗೆ ಹೇಳಲಿಲ್ಲ.

ಆ ನಾಯಕರು ಓಟಿನ ಭಾಷಣಕ್ಕೆ ಬಂಟ್ವಾಳಕ್ಕೆ ಬರುವುದೆಂದಾಯಿತು. ಪಕ್ಷದ ಕೆಲಸ ನೋಡುವ ಶೇಖರ ಅಂಗಡಿಗೆ ಬಂದ.

"ಬ್ಯಾರಿಗಳೇ, ನಿಮ್ಮ ಆ ಅರಬಿ ಅಂಗಿ ಹಾಕಿ ಸ್ಟೇಜಿನಲ್ಲಿ ಒಮ್ಮೆ ನಿಲ್ಲಬೇಕು. ನಾಯಕರು ತಬ್ಬುತ್ತಾರೆ, ಫೋಟೊ ತೆಗೀತಾರೆ. ಅಷ್ಟೇ."

"ನಾನೆಂತ ಬಯಲಾಟದ ವೇಷವಾ ಶೇಖರಣ್ಣ?"

"ತಬ್ಬುವಾಗ ಕಿವಿ ಹತ್ತಿರ ಸಿಗ್ತದೆ ಮಾರಾಯ್ರೆ. ಪಾಸ್‌ಪೋರ್ಟಿನ ವಿಷಯ ಅಲ್ಲಿಯೇ ಹೇಳಿಬಿಡಿ."

ಹೆಂಡತಿ ಬೀಯಮ್ಮ ಅಂಗಿಗೆ ನೀಲಿ ಹಾಕಿ ಒಗೆದಳು. ಮೀನಿನ ವಾಸನೆ ಅಡಗಲೆಂದು ಅವಳು ಸುರಿದ ಅತ್ತರಿಗೆ ಹೊಳೆಯಾಚೆ ಪಾಣೆಮಂಗಳೂರಿನ ದನಗಳು ಸೀನಿದವು.

ಸ್ಟೇಜಿನಲ್ಲಿ ನಾಯಕರ ಅಪ್ಪುಗೆಗೆ ಮೊಯಿದಿನಬ್ಬನ ಪಕ್ಕೆಲುಬು ಕಟಕಟ ಎಂದಿತು. ಉಳಿದ ಉಸಿರಿನಲ್ಲೇ, ಕುವೈತಿನಲ್ಲಿ ಕಲಿತ ಹಿಂದಿಯಲ್ಲಿ ಅವನು ಕಿವಿಗೆ ಹೇಳಿದ: "ಸಾಹೇಬರೇ, ನನ್ನ ಪಾಸ್‌ಪೋರ್ಟ್ ದೆಹಲಿಯಲ್ಲಿ ಬಾಕಿ ಉಂಟು. ನೀವು ಒಂದು ಮಾತು ಹೇಳಿದರೆ ನಾನು ಕೆಲಸಕ್ಕೆ ಹೋಗ್ತೇನೆ."

ನಾಯಕರು ಮೈಕಿಗೆ ತಿರುಗಿದರು. ಅವರು ಹೇಳಿದ್ದನ್ನು ಶೇಖರ ಮುಖಭಾವ ಬದಲಿಸದೆ ಕನ್ನಡಕ್ಕೆ ತಿರುಗಿಸಿದ: "ನಮ್ಮ ಈ ಅರಬ ಮಿತ್ರರು ಎಷ್ಟು ಚಂದ ಹಿಂದಿ ಕಲಿತಿದ್ದಾರೆ ನೋಡಿ. ಇದೇ ನಮ್ಮ ವಿದೇಶ ನೀತಿಯ ಗೆಲುವು."

ವಾರವಾರ ಅವನಿಂದ ಬಂಗುಡೆ ಕೊಳ್ಳುವವರೇ ಎದುರು ಕೂತು ಚಪ್ಪಾಳೆ ತಟ್ಟಿದರು.

ಕೆಳಗಿಳಿದವನೇ ಮೊಯಿದಿನಬ್ಬ ಶೇಖರನನ್ನು ಹಿಡಿದ. "ಶೇಖರಣ್ಣ, ನಾನು ಇಲ್ಲಿಯವನು ಅಂತ ಈಗಲಾದರೂ ಹೇಳಿ."

"ಇನ್ನು ಹೇಗೆ ಹೇಳುವುದು? ನಾಳೆ ಪೇಪರಿನಲ್ಲಿ ಬರ್ತದೆ. ಅರಬನಿಗೆ ಭಾರತದ ಪಾಸ್‌ಪೋರ್ಟ್ ಕೇಳಲಿಕ್ಕೆ ಆಗ್ತದಾ?"

ಮನೆಗೆ ಬಂದು ನಾಯಕರು ಮುಟ್ಟಿದ ಜಾಗವನ್ನೆಲ್ಲ ಅವನು ತೆಂಗಿನ ನಾರಿನಿಂದ ಉಜ್ಜಿದ. ಬಾವಿಯ ನೀರು ತಳ ಕಂಡಿತು, ಹೇಸಿಗೆ ಹೋಗಲಿಲ್ಲ. ಪಾಸ್‌ಪೋರ್ಟೂ ಬರಲಿಲ್ಲ. ಧಣಿ ಬೇರೆ ಆಳು ಹಿಡಿದ.

ಮುಂದಿನ ಓಟಿಗೆ ಶೇಖರ ಮತ್ತೆ ಬಂದ. "ಬ್ಯಾರಿಗಳೇ, ಆ ಅಂಗಿ ಉಂಟಾ?"

"ಉಂಟು. ನೊಣ ಕೂರದ ಹಾಗೆ ಬಂಗುಡೆಗೆ ಹೊದೆಸಿದ್ದೇನೆ. ಈ ಸಲ ಬಂಗುಡೆಯನ್ನೇ ತಬ್ಬಲಿಕ್ಕೆ ಹೇಳಿ. ಅದು ಎಂತದೂ ಕೇಳುವುದಿಲ್ಲ."