ಏಳು ಪಟ್ಟಿನ ಸ್ಕೋಪು

ನಾಯಕ ಅಂಕಲ್‌ರ ಬಲ ಹುಬ್ಬಿನ ಮೇಲೆ ಅರ್ಧಚಂದ್ರದ ಆಕಾರದ ಒಂದು ಗಾಯದ ಗುರುತಿತ್ತು. ಮೊದಲ ಸಲ ನೋಡಿದವರು ಅದರ ಮೇಲಿಂದ ಕಣ್ಣು ಕೀಳಲಾರದೆ ಮುಜುಗರಪಡುತ್ತಿದ್ದರು. ಯಾರಾದರೂ ಧೈರ್ಯ ಮಾಡಿ ಕೇಳಿಬಿಟ್ಟರೆ ಅಂಕಲ್‌ಗೆ ಹಬ್ಬ. “ಇದಾ? ಇದು ನನ್ನ ಶಾಣ್ಯಾತನದ ಸರ್ಟಿಫಿಕೇಟ್ ನೋಡ್ರಿ” ಎಂದು ಶುರು ಮಾಡಿದರೆ ಕಾಫಿ ಆರಿಹೋಗುವವರೆಗೂ ಬಿಡುತ್ತಿರಲಿಲ್ಲ.

ನಾನು ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವವಳು. ಸುತ್ತಮುತ್ತಲ ಕನ್ನಡದವರಲ್ಲಿ ಅರ್ಧ ಜನ ನನ್ನ ಕುರ್ಚಿಯಲ್ಲಿ ಕೂತು ಎದ್ದವರೇ. ಅಂಕಲ್ ಧಾರವಾಡದ ಕಡೆಯವರು. ಪ್ರಿನ್ಸ್‌ಟನ್ ಹತ್ತಿರದ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆ ಒತ್ತುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಮೂವತ್ತು ವರ್ಷ ಕಳೆದು ರಿಟೈರ್ ಆಗಿದ್ದರು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಡೇವ್ ಎಂಬಾತ ಅವರಿಗೆ ಬೇಟೆಯ ಹುಚ್ಚು ಹಿಡಿಸಿದ್ದ. ಅದೂ ಎಲ್ಲರಂತೆ ರೈಫಲ್ಲಿನಲ್ಲಲ್ಲ, ಮಣಭಾರದ ರಿವಾಲ್ವರಿನಲ್ಲಿ. ನ್ಯೂಜೆರ್ಸಿಯಲ್ಲಿ ಕೈಬಂದೂಕಿನಿಂದ ಜಿಂಕೆ ಹೊಡೆಯುವಂತಿಲ್ಲ. ಆದ್ದರಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದದ್ದೇ ತಡ, ಡೇವ್‌ನ ಟ್ರಕ್ಕಿನಲ್ಲಿ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದ ಕಾಡಿಗೆ ಹೊರಟುಬಿಡುತ್ತಿದ್ದರು.

“ಅಂಕಲ್, ನನಗೆ ಇದೆಲ್ಲ ಒಂಚೂರೂ ಇಷ್ಟ ಆಗಲ್ಲ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ.

“ಆಗಬಾರದು ತಂಗಿ, ಆಗಬಾರದು” ಎಂದರು, ಸ್ವಲ್ಪವೂ ಬೇಸರವಿಲ್ಲದೆ. “ರೈಫಲ್ ಇದ್ರ ಯಾರರ ದೂರ ನಿಂತು ಹೊಡೀತಾರ. ಇದಕ್ಕ ಜಿಂಕಿ ಹತ್ತರ ಹೋಗಬೇಕು. ಹತ್ತರ ಹೋದ್ರ ಅದರ ಮಾರಿ ಕಾಣತೈತಿ. ಮಾರಿ ನೋಡಿದ ಮ್ಯಾಲೆ ಹುಡುಗಾಟ ಮಾಡಾಕ ಮನಸ ಬರಂಗಿಲ್ಲ. ಒಂದ ಗುಂಡು, ಅಲ್ಲೇ ಮುಗೀಬೇಕು. ಇಲ್ಲಂದ್ರ ಹೊಡೀಲೇಬಾರದು.” ವರ್ಷಗಟ್ಟಲೆ ಒಂದೇ ಒಂದು ಪ್ರಾಣಿಯನ್ನೂ ಗಾಯಗೊಳಿಸಿ ಬಿಟ್ಟುಬಂದವರಲ್ಲ. ಬರಿಗೈಲಿ ವಾಪಸಾದ ಸೀಸನ್‌ಗಳೇ ಹೆಚ್ಚು.

ಅವರು ಪ್ರೀತಿಸಿ ಮದುವೆಯಾದ ಸುಶೀಲಾ ಆಂಟಿ ಮೊಟ್ಟೆಯನ್ನೂ ಮನೆಯೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಜಿಂಕೆ ಮಾಂಸ ಬೇಯುತ್ತಿದ್ದುದು ಗರಾಜಿನಲ್ಲಿ, ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ನಮ್ಮ ಕನ್ನಡ ಕೂಟದ ಸಂಕ್ರಾಂತಿ ಊಟ ಅಪ್ಪಟ ಸಸ್ಯಾಹಾರ. ಬಿಸಿಬೇಳೆಬಾತಿನ ಸಾಲು ಅರ್ಧಕ್ಕೆ ಬಂದಿರುವಾಗ ಅಂಕಲ್ ಎದ್ದು, “ಯಾಕೋ ನನ್ನ ಗಾಡಿ ಟೈರ್ ಸಪ್ಪಗ ಕಾಣಾಕತ್ತೈತಿ, ಯಾರರ ಬಂದು ನೋಡ್ತೀರೇನು?” ಎನ್ನುತ್ತಿದ್ದರು. ಕೂಡಲೇ ಎಂಟು ಹತ್ತು ಮಂದಿ ಗಂಡಸರಿಗೆ ಟೈರಿನ ಚಿಂತೆ ಹತ್ತಿಕೊಳ್ಳುತ್ತಿತ್ತು. ಡಿಕ್ಕಿಯಲ್ಲಿ ಫಾಯಿಲ್ ಮುಚ್ಚಿದ ಟ್ರೇ ಇರುತ್ತಿತ್ತು. ಆಂಟಿಗೆ ಎಲ್ಲ ಗೊತ್ತಿತ್ತು. ಗಂಡಸರು ಬಾಯಿ ಒರೆಸಿಕೊಳ್ಳುತ್ತಾ ಒಳಗೆ ಬಂದಾಗ, “ಟೈರಿಗೆ ಖಾರ ಸಾಕಾಗಿತ್ತೇನ್ರೀ?” ಎಂದು ಕೇಳುತ್ತಿದ್ದರು.

ಹುಬ್ಬಿನ ಗುರುತಿನ ಕಥೆಯನ್ನು ನಾನು ಕೇಳಿದ್ದು ನನ್ನ ಕ್ಲಿನಿಕ್ಕಿನಲ್ಲೇ. ಹೊಸದಾಗಿ ರಿವಾಲ್ವರ್ ತಂದಾಗ ಅದಕ್ಕೊಂದು ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಬೇಕಿತ್ತು. ಮನೆಯಲ್ಲಿ ಹಳೆಯ ರೈಫಲ್ಲಿನ ಸ್ಕೋಪು ಬಿದ್ದಿತ್ತಲ್ಲ, ಅದನ್ನೇ ಬಿಗಿದರು. ತೋಳು ಚಾಚಿ ನೋಡಿದರೆ ಏನೂ ಕಾಣದು. ಕಾಣದಿರುವುದೇಕೆ ಎಂದು ಮೊಣಕೈ ಮಡಚಿ ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಸ್ಪಷ್ಟವಾಗಿ ಕಂಡಿತು. ಬಂದೂಕಿನ ಕುದುರೆ ಎಳೆದರು.

“ಬಂದೂಕು ಸೀದಾ ಮಾರಿಗೆ ಬಂದು ನಮಸ್ಕಾರ ಮಾಡ್ತು” ಎಂದರು. “ಏಳು ಹೊಲಿಗಿ. ರೈಫಲ್ ಸ್ಕೋಪು ಕಣ್ಣಿಗೆ ನಾಕು ಬೆರಳು ದೂರ ಇರಬೇಕು, ಇದು ಚಾಚಿದ ತೋಳಿನಷ್ಟು ದೂರ ಇರಬೇಕು. ಮಷೀನ್ ರಿಪೇರಿ ಮಾಡಾಂವ ನಾನು, ನನಗ ತಿಳೀಲಿಲ್ಲ ನೋಡು.”

ಅಂದಿನಿಂದ ಅವರು ಗುರಿ ಕಲಿಯುವ ಮೈದಾನದಲ್ಲಿ ಎಲ್ಲರಿಗೂ ಪುಕ್ಕಟೆ ಗುರು. ಹೊಸಬರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರ ಪಾಠ ಇಷ್ಟೇ: ಎರಡು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪು ಸಾಕು. ಹಿಡಿದಿಡಲು ಎರಡಲ್ಲ, ಮೂರು ಬಳೆ ಹಾಕಿ, ಇಲ್ಲದಿದ್ದರೆ ಗುಂಡು ಹಾರುವಾಗಿನ ಒದೆತಕ್ಕೆ ಸಡಿಲವಾಗುತ್ತದೆ. ಒಂದೊಂದು ಸ್ಕ್ರೂಗೂ ಒಂದು ಹನಿ ಅಂಟು ಬಿಡಿ. ಯಾರಾದರೂ ದೊಡ್ಡ ಸ್ಕೋಪಿನ ಆಸೆಪಟ್ಟರೆ ಗದರುತ್ತಿದ್ದರು. “ಏಳು ಪಟ್ಟು ಮಾಡಿದ್ರ ಜಿಂಕಿ ಏಳು ಪಟ್ಟು ಕಾಣತೈತಿ, ಖರೆ. ನಿನ್ನ ಕೈ ನಡಗೋದೂ ಏಳು ಪಟ್ಟು ಕಾಣತೈತಿ. ಮತ್ತ ಕಣ್ಣು ಒಂದ ಕೂದಲೆಳಿ ಸರದ್ರ ಬರೇ ಕತ್ತಲಿ.” ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಆದರೂ ಬೇಕಾದಾಗ ನೆನಪಿಗೆ ಬರಲಿಲ್ಲ.

ಆಂಟಿ ತೀರಿಕೊಂಡ ವರ್ಷವೇ ಅಂಕಲ್‌ರ ಬಲಗಣ್ಣಿನ ನಡುಭಾಗ ಮಂಜಾಗತೊಡಗಿತು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಚೌಕಳಿ ಗೆರೆಯ ಕಾಗದ ಕೊಟ್ಟು ನೋಡಲು ಹೇಳಿದೆ. ಗೆರೆಗಳು ಬಾಗಿವೆ, ನಡುವೆ ಒಂದು ಕಡೆ ಅಳಿಸಿಹೋಗಿದೆ ಎಂದರು. ರೆಟಿನಾ ಡಾಕ್ಟರ ಹತ್ತಿರ ಕಳಿಸಿದೆ, ಇಂಜೆಕ್ಷನ್ ಶುರುವಾಯಿತು. ಅಕ್ಟೋಬರಿನಲ್ಲಿ ಒಂದು ದಿನ ಎರಡು ಸ್ಕೋಪುಗಳ ಚಿತ್ರವಿದ್ದ ಹಾಳೆಗಳನ್ನು ನನ್ನ ಮೇಜಿನ ಮೇಲೆ ಇಟ್ಟರು. ಒಂದು ಅವರ ಎಂದಿನ ಎರಡು ಪಟ್ಟಿನದು. ಇನ್ನೊಂದು ತಿರುಗಿಸಿದರೆ ಏಳು ಪಟ್ಟಿನ ತನಕ ಹೋಗುವಂಥದು.

“ನನ್ನ ಕಣ್ಣಿಗೆ ಯಾವುದು ಹೊಂದತೈತಿ, ನೀನ ಹೇಳು ತಂಗಿ” ಎಂದರು.

ಆ ಕಣ್ಣಿಟ್ಟುಕೊಂಡು ಅವರು ಗುಂಡು ಹಾರಿಸಬಾರದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಂಟಿ ಹೋದ ಮೇಲೆ ಅಂಕಲ್ ಗಡ್ಡ ಬೋಳಿಸಿಕೊಂಡು ನಗುತ್ತಾ ಬಂದದ್ದು ಅದೇ ಮೊದಲು. ಅದನ್ನು ಹಾಳು ಮಾಡಲು ನಾಲಿಗೆ ಏಳಲಿಲ್ಲ. ಇಂಥ ಕಣ್ಣಿನವರಿಗೆ ಪೇಪರ್ ಓದಲು ನಾನು ಕೊಡುವುದು ದೊಡ್ಡದು ಮಾಡಿ ತೋರಿಸುವ ಗಾಜು. ಕಸುಬಿನ ಚಾಳಿಯಂತೆ ಅದನ್ನೇ ಹೇಳಿದೆ. “ದೊಡ್ಡದು ತೊಗೊಳ್ಳಿ ಅಂಕಲ್. ಏಳಕ್ಕೇ ಇಟ್ಕೊಳ್ಳಿ. ನಿಮಗೆ ಹೆಲ್ಪ್ ಆಗತ್ತೆ.”

ಅವರು ಹಾಳೆಯಿಂದ ತಲೆಯೆತ್ತಿದರು. “ಏಳು?” ಎಂದರು. ನಾನು ತಲೆಯಾಡಿಸಿದೆ. “ಆತು. ನೀ ಹೇಳಿದ ಮ್ಯಾಲೆ ಮುಗೀತು” ಎಂದು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡರು.

ಆ ಸೀಸನ್ನಿನಲ್ಲಿ ಕಾಡಿನಲ್ಲಿ ಆದದ್ದನ್ನು ನನಗೆ ಹೇಳಿದ್ದು ಡೇವ್. ಅಂಕಲ್ ಕ್ಲಿನಿಕ್ಕಿಗೆ ಬರಬೇಕಾದ ದಿನ ಬರದೇ ಹೋದಾಗ ಫೋನ್ ಮಾಡಿದೆ, ಎತ್ತಿದವನು ಅವನು. ನಲವತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತಂತೆ. ಅಂಕಲ್ ತೋಳು ಚಾಚಿದರು. ಸ್ಕೋಪಿನಲ್ಲಿ ಮರದ ತೊಗಟೆ ಕಂಡಿತು, ಕಪ್ಪು ಅಂಚು ಕಂಡಿತು, ಜಿಂಕೆ ಸಿಗಲಿಲ್ಲ. ಹುಡುಕಿ ಹುಡುಕಿ ಸಿಗುವಷ್ಟರಲ್ಲಿ ತೋಳು ಸೋತಿತ್ತು. ಗುಂಡು ಹೊಟ್ಟೆಗೆ ಬಿತ್ತು. ಜಿಂಕೆ ಬಿದ್ದು, ಎದ್ದು, ಓಡಿತು. ಇಬ್ಬರೂ ಹಿಮದ ಮೇಲಿನ ರಕ್ತ ಹಿಡಿದು ಸಂಜೆಯವರೆಗೆ ನಡೆದರು. ಮಾರನೆಯ ದಿನವೂ ನಡೆದರು. ಒಂದು ಹಳ್ಳದ ದಡದಲ್ಲಿ ಗುರುತು ನಿಂತುಹೋಯಿತು. ಅಂಕಲ್ ಮೂರನೆಯ ದಿನವೂ ಹೋಗೋಣ ಎಂದು ಹಟ ಹಿಡಿದರಂತೆ, ಜ್ವರ ಬಂದಿದ್ದರಿಂದ ಡೇವ್ ಕೇಳದೆ ಕರೆತಂದಿದ್ದ.

ಮೇ ತಿಂಗಳಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಮುಂಚೆ ಟ್ಯಾಕ್ಸಿಯಲ್ಲಿ ನನ್ನ ಹತ್ತಿರ ಬಂದಿದ್ದೇ ಕೊನೆ. ತುಂಬಾ ಇಳಿದುಹೋಗಿದ್ದರು. ರಿವಾಲ್ವರನ್ನು ಅಂಗಡಿಗೆ ವಾಪಸು ಕೊಟ್ಟೆ ಎಂದರು. ಪರೀಕ್ಷೆ ಮುಗಿಸಿ ದೀಪ ಹಾಕಿದೆ. ಅವರು ಕುರ್ಚಿಯಿಂದ ಏಳಲಿಲ್ಲ.

“ಅವತ್ತ ನಿನಗ ಗೊತ್ತಿತ್ತಿಲ್ಲೋ ತಂಗಿ, ನಾ ಹೊಡೀಬಾರದು ಅಂತ?”

“ಗೊತ್ತಿತ್ತು ಅಂಕಲ್.”

“ಮತ್ತ ಯಾಕ ಹೇಳಲಿಲ್ಲ?”

“ನಿಮಗೆ ಬೇಜಾರಾಗತ್ತೆ ಅಂತ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ಇಷ್ಟು ವರ್ಷ ಮಂದಿಗೆ ಸ್ಕೋಪು ಆರಿಸಿಕೊಟ್ಟಾಂವ ನಾನು” ಎಂದರು. “ನಿನ್ನ ಕಡೆ ಸ್ಕೋಪು ಕೇಳಾಕ ಬರ್ತಿದ್ನೇನವಾ? ಬ್ಯಾಡ ಅಂತ ಹೇಳಿಸ್ಕೊಳ್ಳಾಕ ಬಂದಿದ್ದೆ. ನನಗ ನಾನ ಹೇಳ್ಕೊಳ್ಳಾಕ ಆಗಲಿಲ್ಲ.”

ಹೊರಗೆ ಟ್ಯಾಕ್ಸಿಯವನು ಬಂದು ನಿಂತಿದ್ದ. ಅವರಿಗೆ ಕೋಟು ತೊಡಿಸಿದೆ. “ಸಾರಿ ಅಂಕಲ್” ಎಂದೆ.

“ನನಗ್ಯಾಕ ಹೇಳ್ತೀ?” ಎಂದರು. “ಹೋದದ್ದು ಆ ಜಿಂಕಿ. ನಾ ಇನ್ನೂ ಅದೀನಲಾ.”